ಮೊದಲ ಪೀಸು ದೇವರಿಗೆ

ನಮ್ಮ ಮನೆಯ ಪೊರಕೆಯ ಹಿಡಿಯ ಮೇಲೆ ತಾರೀಕು ಬರೆದಿದೆ. ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲಿದೆ, ಗ್ಯಾಸ್ ಸಿಲಿಂಡರಿನ ಹೊಟ್ಟೆಯ ಮೇಲಿದೆ, ನನ್ನ ಚಪ್ಪಲಿಯ ಒಳಗಡೆ ಹಿಮ್ಮಡಿ ಕೂರುವ ಜಾಗದಲ್ಲೂ ಇದೆ. ಬರೆದವನು ನಾನೇ. ಕಿವಿಯ ಸಂದಿಯಲ್ಲಿ ಸದಾ ಒಂದು ಮೋಟು ಪೆನ್ಸಿಲ್ ಇರುತ್ತದೆ. ಹೊಸದೇನಾದರೂ ಮನೆಯೊಳಗೆ ಬಂತೆಂದರೆ ಕೈ ತಾನಾಗಿಯೇ ಕಿವಿಗೆ ಹೋಗುತ್ತದೆ. ಮೊನ್ನೆ ಹೊಸ ಮೊರದ ಮೇಲೆ ಬರೆಯುತ್ತಿದ್ದಾಗ ನನ್ನ ಹೆಂಡತಿ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲಾ, ಮೊರಕ್ಕೂ ನಾಮಕರಣ ಮಾಡ್ತೀರಲ್ಲಾ, ನನ್ ಮೇಲೂ ಎಲ್ಲಾದ್ರೂ ಬರ್ದ್‌ಬುಡಿ, ಯಾವತ್ತು ತಂದಿದ್ದು ಅಂತ!"

"ನಿನ್ನ ತಾರೀಕು ನೆನಪಿದೆ ಕಣೇ," ಅಂದೆ. ಯಾವತ್ತು ಎಂದು ಕೇಳಿಬಿಟ್ಟಳು. ಮೊರ ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದೆ.

ಬರೆಯುವುದು ನನ್ನ ಹುಟ್ಟುಗುಣವೇನೂ ಅಲ್ಲ. ಬರೆಯುವುದಕ್ಕೆ ಹೆದರಿಯೇ ಶಾಲೆ ಬಿಟ್ಟವನು ನಾನು, ಅದೂ ಏಳನೇ ಕ್ಲಾಸಿಗೆ. ಪಿರಿಯಾಪಟ್ಟಣದ ಕಡೆ ಹಾರನಹಳ್ಳಿ ಹತ್ತಿರ ನಮ್ಮೂರು. ಊರು ತುಂಬ ಹೊಗೆಸೊಪ್ಪು. ಆ ಎಲೆ ಮುರಿದರೆ ಕೈಗೊಂದು ಅಂಟು ಹತ್ತುತ್ತದೆ. ಬೆಳಗ್ಗೆ ಹಸಿರಾಗಿರುವುದು ಮಧ್ಯಾಹ್ನಕ್ಕೆ ಕಂದಾಗಿ ಸಂಜೆಯ ಹೊತ್ತಿಗೆ ಗಾಡಿಯ ಕೀಲೆಣ್ಣೆಯ ಹಾಗೆ ಕಪ್ಪಾಗುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಅದೇ ಕೈಯಲ್ಲಿ ಶಾಲೆಗೆ ಹೋದರೆ ಕಾಪಿ ಪುಸ್ತಕದ ಹಾಳೆ ಬೆರಳಿಗಂಟಿಕೊಂಡು ಮೇಲೇಳುತ್ತಿತ್ತು. ಮೇಷ್ಟ್ರು ನನ್ನ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ತಿದ್ದೋದೋ, ಬ್ಯಾರನ್ನಿಗೆ ಹಾಕಿ ಬೇಯಿಸೋದೋ?" ಎಂದು ಕೇಳುತ್ತಿದ್ದರು. ಬ್ಯಾರನ್ ಅಂದರೆ ಸೊಪ್ಪನ್ನು ಕಡ್ಡಿಗೆ ಪೋಣಿಸಿ ತೂಗುಹಾಕಿ ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಮನೆ. ನಮ್ಮಪ್ಪ ಅದರ ಕಿಂಡಿಗೆ ಕೆನ್ನೆಯೊಡ್ಡಿ ಒಳಗಿನ ಶಾಖ ಹೇಳುತ್ತಿದ್ದ. ಗೋಡೆಯಲ್ಲಿ ಥರ್ಮಾಮೀಟರ್ ಇತ್ತು. ಅಪ್ಪ ಅದನ್ನು ನೋಡುತ್ತಿರಲಿಲ್ಲ; ಅದು ತನ್ನ ಕೆನ್ನೆಗೆ ಸರಿಯಾಗಿ ತೋರಿಸುತ್ತಿದೆಯೇ ಎಂದು ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಿದ್ದ, ಅಷ್ಟೇ.

ಅಂಥ ಅಪ್ಪನ ಮಗ ನಾನು. ಅಪ್ಪನಿಗೆ ಕೆನ್ನೆಯಿದ್ದ ಹಾಗೆ ನನಗೆ ಉಗುರು. ಸೈಕಲ್ ಶಾಪಿನಲ್ಲಿ ಕಡ್ಡಿ ಬಿಗಿಯುತ್ತಾ ಕಲಿತು, ಆಮೇಲೆ ಬಿಳಿಕೆರೆ ದಾಟಿ ಹುಣಸೂರು ರಸ್ತೆಯಲ್ಲಿದ್ದ ಒಂದು ಶೆಡ್ಡಿಗೆ ಸೇರಿದವನು, ಕಬ್ಬಿಣದ ಅಂಚಿನ ಮೇಲೆ ಒಂದು ಸಲ ಹೆಬ್ಬೆರಳ ಉಗುರು ಎಳೆದರೆ ಅದು ನೇರವೋ ವಾರೆಯೋ ಹೇಳುತ್ತಿದ್ದೆ. ಹೇಳಿದ್ದು ತಪ್ಪುತ್ತಿರಲಿಲ್ಲ. ಈ ಮಾತನ್ನು ಜಂಬಕ್ಕೆ ಬರೆಯುತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ಆದ್ದರಿಂದ ಜಂಬಕ್ಕೇ ಬರೆಯುತ್ತಿದ್ದೇನೆ.

ಶೆಡ್ಡಿನ ಯಜಮಾನರು ಅನ್ವರ್ ಸಾಹೇಬರು, ಹುಣಸೂರು ಪೇಟೆಯವರು. ಅವರ ಅಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರಂತೆ. ಮಗ ಎರಡು ಲೇತು, ಎರಡು ಡ್ರಿಲ್ಲಿಂಗ್ ಮೆಷಿನ್, ಒಂದು ವೆಲ್ಡಿಂಗ್ ಸೆಟ್ಟು ಹಾಕಿ, ಮೈಸೂರಿನ ಒಂದು ದೊಡ್ಡ ಕಂಪನಿಗೆ ಕಬ್ಬಿಣದ ಪ್ಲೇಟುಗಳನ್ನು ಮಾಡಿಕೊಡುತ್ತಿದ್ದರು. ಅಂಗೈಯಗಲದ ಪ್ಲೇಟು, ಅದರಲ್ಲಿ ಎರಡು ತೂತು. ತೂತು ಹೊಡೆಯುವವನು ನಾನು. ಹದಿನಾಲ್ಕು ವರ್ಷ ಅದೇ ಎರಡು ತೂತು ಹೊಡೆದಿದ್ದೆ. ಬೇಜಾರಾಗುತ್ತಿರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ದಿನಾ ಅದೇ ಎರಡು ಹೊತ್ತು ಊಟ ಮಾಡುವವರು ನನ್ನನ್ನು ಹೀಗೆ ಕೇಳಬಾರದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಮೈಸೂರಿನಿಂದ ಒಂದು ಕಾಗದ ಬಂತು. ಇನ್ನು ಮೇಲೆ ಮಾಲು ಕಳಿಸುವವರೆಲ್ಲ ಒಬ್ಬ ಇಂಜಿನಿಯರನ್ನು ಇಟ್ಟುಕೊಳ್ಳಬೇಕು, ಅಳತೆಗಳನ್ನೆಲ್ಲ ಬರೆದಿಡಬೇಕು ಅಂತ. ಸಾಹೇಬರು ತಲೆ ಕೆರೆದುಕೊಂಡು ಊರೆಲ್ಲ ವಿಚಾರಿಸಿದರು. ಒಂದು ಸೋಮವಾರ ಕೆ.ಆರ್. ನಗರದ ಕಡೆಯ ಬಸ್ಸಿನಿಂದ ಒಬ್ಬಳು ಹುಡುಗಿ ಇಳಿದು ಬಂದಳು. ಹೆಸರು ಸುಜಾತ, ಊರು ಸಾಲಿಗ್ರಾಮ, ತಂದೆ ಅಲ್ಲಿ ಟೈಲರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಆಗಷ್ಟೇ ಮುಗಿಸಿದ್ದಳು. ಆರು ತಿಂಗಳು ಟ್ರೈನಿ, ಆಮೇಲೆ ಸಾಹೇಬರಿಗೆ ಒಪ್ಪಿಗೆಯಾದರೆ ಕೆಲಸ ಖಾಯಂ. ಹೆಣ್ಣುಮಕ್ಕಳಿಗೆ ಶೆಡ್ಡು ಯಾಕೆ, ಟೀಚರ್ ಆಗು ಎಂದು ಎಲ್ಲ ಕಡೆ ಹೇಳಿಸಿಕೊಂಡು, ಮೈಸೂರಿನ ನಾಲ್ಕು ಕಾರ್ಖಾನೆಗಳ ಗೇಟಿನಿಂದ ವಾಪಸ್ ಬಂದು, ಕೊನೆಗೆ ಇಲ್ಲಿ ತಲುಪಿದ್ದಳು. ಇಲ್ಲೂ ಆಗದಿದ್ದರೆ ಆರನೇ ಗೇಟು ಇಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು.

ಸಾಹೇಬರು ನಮ್ಮನ್ನೆಲ್ಲ ಕರೆದು ನಿಲ್ಲಿಸಿ ಭಾಷಣ ಮಾಡಿದರು. "ನೋಡ್ರಪ್ಪಾ, ಇವ್ರು ಇಂಜಿನಿಯರ್ರು. ನಿಮ್ಮ ಹತ್ರ ಕೆಲಸ ಕಲೀತಾರೆ. ನಿಮಗೆ ಕೆಲಸ ಹೇಳ್ತಾರೆ."

ಲೇತಿನ ಕೆಂಪರಾಜು ಕೈಯೆತ್ತಿದ. "ಎರಡ್ರಲ್ಲಿ ಯಾವ್ದು ಮೊದ್ಲು ಸಾರ್?"

ಸಾಹೇಬರು ಹುಡುಗಿಯ ಕಡೆ ನೋಡಿದರು. ಆ ಹುಡುಗಿ, "ಕಲಿಯೋದು," ಅಂದಳು. ಅಂದು ಸುಮ್ಮನಾಗದೆ ಒಂದು ಪೆನ್ಸಿಲ್ ತೆಗೆದು ಕೆಂಪರಾಜುವಿನ ಹೆಸರು ಬರೆದುಕೊಂಡಳು. ಅವನಿಗೆ ಜೀವವೇ ಹಾರಿಹೋಯಿತು. "ಲೇ ಸ್ವಾಮಣ್ಣ, ನನ್ ಹೆಸ್ರು ಬರ್ಕಂಡವ್ಳೆ ಕಣ್ಲಾ, ಪೊಲೀಸ್ನೋರ್ ತರಾ!" ಎಂದು ಮಧ್ಯಾಹ್ನದ ತನಕ ನನ್ನ ಕಿವಿ ತಿಂದ.

ಹೊಸ ಇಂಜಿನಿಯರ್ ಅಂದರೆ ಏನು ಮಾಡಬೇಕು ಎನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು ನಮ್ಮನ್ನು ಗದರುತ್ತಾಳೆ ಅಂದುಕೊಂಡಿದ್ದೆವು. ಅವಳು ಕೂರಲೇ ಇಲ್ಲ. ಎರಡು ಗಂಟೆಗೊಮ್ಮೆ ನನ್ನ ಮೆಷಿನ್ನಿನ ಹತ್ತಿರ ಬಂದು ಐದು ಪ್ಲೇಟು ಎತ್ತಿಕೊಳ್ಳುವಳು. ಅವಳ ಹತ್ತಿರ ಸ್ವಂತದ್ದೊಂದು ವರ್ನಿಯರ್ ಇತ್ತು, ಕಬ್ಬಿಣದ ಏಡಿಕಾಲಿನಂಥ ಅಳತೆ ಸಾಧನ. ಅದನ್ನು ಅವರಪ್ಪ ಹೊಲಿದುಕೊಟ್ಟ ಮೆತ್ತನೆಯ ಚೀಲದಿಂದ ತೆಗೆದು, ಒರೆಸಿ, ಬಾಯಿ ಮುಚ್ಚಿಸಿ ಸೊನ್ನೆ ಸರಿಯಿದೆಯೇ ನೋಡಿ, ಆಮೇಲೆ ತೂತಿನ ಅಗಲ, ಒಂದು ತೂತಿನಿಂದ ಇನ್ನೊಂದಕ್ಕೆ ದೂರ ಅಳೆದು, ಗಂಟೆ ನೋಡಿ ಬರೆದುಕೊಳ್ಳುವಳು. ಮೆಷಿನ್ ನಿಂತು ಮತ್ತೆ ಶುರುವಾದಾಗ ಮಾತ್ರ ಮೊದಲ ಪೀಸಿನಲ್ಲಿ ಇನ್ನೊಂದು ಅಳತೆ ಹೆಚ್ಚು: ಪ್ಲೇಟಿನ ಅಂಚಿನಿಂದ ತೂತಿಗೆ ಎಷ್ಟು ದೂರ.

"ಅದ್ಯಾಕವ್ವಾ ಅಷ್ಟೊಂದು ಬರ್ಕತೀಯಾ?" ಎಂದು ಕೇಳಿದೆ. "ನಾನ್ ಹೊಡ್ದ ತೂತು, ಸರೀಗೇ ಇರ್ತದೆ."

"ಸರಿ ಇದ್ದಿದ್ದನ್ನೂ ಬರೀಬೇಕು ಸ್ವಾಮಣ್ಣ. ನಾಳೆ ತಪ್ಪಾದ್ರೆ, ಎಲ್ಲೀತಂಕ ಸರಿ ಇತ್ತು ಅಂತ ಗೊತ್ತಾಗ್ಬೇಕಲ್ಲ."

"ನಾಳೆ ತಪ್ಪಾಗ್ತದಾ?" ನನಗೆ ಮೂಗಿನ ತುದಿಯಲ್ಲಿ ಸಿಟ್ಟು.

ಆದರೆ ಅವಳ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ಒಂದು ದಿನ ಡ್ರಿಲ್ ಬಿಟ್ಟಿನ ಸದ್ದು ಬದಲಾಯಿತೆಂದು ನಾನು ಮೆಷಿನ್ ನಿಲ್ಲಿಸಿದೆ. ಏನಾಯಿತು ಎಂದು ಓಡಿಬಂದಳು. "ಅಳ್ತಾ ಅದೆ ಕಣವ್ವ, ಸಾಣೆ ಹಿಡೀಬೇಕು," ಅಂದೆ. ಹೇಗೆ ಗೊತ್ತಾಯಿತು, ಅಳುವ ಮೊದಲು ಹೇಗಿತ್ತು, ಅತ್ತ ಮೇಲೆ ಎಷ್ಟು ತೂತು ಹೊಡೆಯಬಹುದು ಎಂದು ಕೇಳಿದಳು. ಹೇಳಿದ್ದನ್ನೆಲ್ಲ ಬರೆದುಕೊಂಡು, ಕೆಳಗೆ 'ಸ್ವಾಮಣ್ಣ ಹೇಳಿದ್ದು' ಎಂದು ಹಾಕಿದಳು. ಜೀವಮಾನದಲ್ಲಿ ನನ್ನ ಮಾತನ್ನು ಯಾರೂ ಬರೆದಿಟ್ಟವರಲ್ಲ. ಅವತ್ತು ಮನೆಗೆ ಹೋಗಿ ಜಯಮ್ಮನಿಗೆ ಹೇಳಿದೆ. "ನಾನೂ ದಿನಾ ನಿಮ್ ಮಾತ್ ಬರ್ದಿಟ್ಟಿದ್ರೆ ಒಂದ್ ಹೊರೆ ಆಗಿರೋದು," ಅಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ನಾನು ಬಿಟ್ ಸಾಣೆ ಹಿಡಿಯುವುದು ಕಲಿಸಿದೆ. ಅವಳು ನನಗೆ ವರ್ನಿಯರ್ ಓದುವುದು ಕಲಿಸಿದಳು. ಆ ಸಣ್ಣ ಗೆರೆಗಳು ಮೊದಮೊದಲು ನನಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಮೇಲಿನ ಗೆರೆಗೆ ಕೆಳಗಿನ ಯಾವ ಗೆರೆ ನೇರ ಕೂತಿದೆ ನೋಡಬೇಕು, ಅಷ್ಟೇ ಎಂದಳು. ಅದು ಕಣ್ಣಿಗೆ ಬಿದ್ದ ದಿನ ಕಂಡಕಂಡದ್ದನ್ನೆಲ್ಲ ಅಳೆದೆ. ನನ್ನ ಉಂಗುರ ಅಳೆದೆ. ಕೆಂಪರಾಜುವಿನ ಕಿವಿಯ ದಪ್ಪ ಅಳೆದೆ. ಊಟದ ಡಬ್ಬಿ ತೆಗೆದು, "ನಮ್ಮನೆಯವ್ಳ ಮುದ್ದೆ ದಿನಾ ಒಂದೇ ಸೈಜು ಬರ್ತದೆ, ನೋಡು ಬೇಕಾದ್ರೆ," ಎಂದು ಸವಾಲು ಹಾಕಿದೆ. ವರ್ನಿಯರಿಗೆ ಮುದ್ದೆ ಮೆತ್ತಿಕೊಳ್ಳುತ್ತದೆಂದು ಸುಜಾತ ಸ್ಟೀಲ್ ಸ್ಕೇಲ್ ಹಿಡಿದಳು. ಮೂರು ದಿನ ಅಳೆದು ತೀರ್ಪು ಕೊಟ್ಟಳು: "ಎರಡು ಮಿಲ್ಲಿಮೀಟರ್ ಹೆಚ್ಚುಕಮ್ಮಿ ಅಷ್ಟೇ ಸ್ವಾಮಣ್ಣ. ಜಯಮ್ಮೋರನ್ನ ಕರ್ಕೊಂಡು ಬನ್ನಿ, ನಿಮ್ಮ ಮೆಷಿನ್ನಿಗೆ ಹಾಕೋಣ." ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹೀಗೆ ಐದೂವರೆ ತಿಂಗಳು ಕಳೆದು ಆಯುಧಪೂಜೆ ಬಂತು.

ನಮ್ಮ ಶೆಡ್ಡಿನ ಆಯುಧಪೂಜೆಯ ಸೊಗಸೇ ಬೇರೆ. ಹಣ್ಣು ಕಾಯಿ ಕಡ್ಲೆಪುರಿಗೆ ಸಾಹೇಬರದೇ ಏರ್ಪಾಡು. ತಲೆಗೆ ಟೋಪಿ ಹಾಕಿಕೊಂಡು ಬಾಗಿಲ ಹತ್ತಿರ ಕೈಕಟ್ಟಿ ನಿಂತು, "ಪೂಜೆ ನಿಮ್ದು, ಮೆಷಿನ್ ನಂದು, ಚೆನ್ನಾಗಿ ಮಾಡ್ರಪ್ಪಾ," ಎನ್ನುವರು. ಪೂಜೆ ಮಾಡುವವನು ನಾನು. ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು, ಅರಿಶಿನ ಹಚ್ಚಿದ ದಾರ. ನಮ್ಮದು ಎರಡು ಕಟ್ಟುಪಾಡು. ಒಂದು, ಪೂಜೆಯಾದ ಮೆಷಿನ್ನನ್ನು ಕೂಡಲೇ ತೊಳೆಯಬಾರದು. ಕುಂಕುಮ ತಾನಾಗಿಯೇ ಅಳಿಯಬೇಕು. ಎರಡು, ಪೂಜೆಯಾದ ಮೇಲೆ ಹೊಡೆದ ಮೊದಲ ಪೀಸು ದೇವರಿಗೆ. ಅದನ್ನು ಅಳೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಹೂವಿಟ್ಟು ಚಾಮುಂಡಮ್ಮನ ಪಟದ ಮುಂದೆ ಇಟ್ಟುಬಿಡಬೇಕು. ಅಲ್ಲಿ ಹಿಂದಿನ ಹದಿಮೂರು ವರ್ಷದ ಹದಿಮೂರು ಪೀಸು ಸಾಲಾಗಿ ಕೂತಿದ್ದವು.

ಆ ವರ್ಷ ನನಗೆ ಭಕ್ತಿ ಒಂಚೂರು ಜಾಸ್ತಿಯಾಗಿತ್ತು. ದಾರವನ್ನು ಸಾಮಾನ್ಯವಾಗಿ ಮೆಷಿನ್ನಿನ ಹಿಡಿಗೆ ಕಟ್ಟುತ್ತಿದ್ದವನು, ಜಿಗ್ಗಿಗೂ ಒಂದು ಕಟ್ಟೋಣ ಅಂದುಕೊಂಡೆ. ಜಿಗ್ ಅಂದರೆ ಪ್ಲೇಟು ಅಲ್ಲಾಡದಂತೆ ಕೂರಿಸುವ ಕಬ್ಬಿಣದ ಚೌಕಟ್ಟು. ಅದರ ಒಂದು ಕೊನೆಯಲ್ಲಿ ಹೆಬ್ಬೆರಳ ಗಾತ್ರದ ಗೂಟವಿದೆ. ಪ್ಲೇಟಿನ ಅಂಚನ್ನು ಆ ಗೂಟಕ್ಕೆ ಒತ್ತಿ ಕೂರಿಸಿದರೆ ತೂತು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಆ ಗೂಟದ ಬುಡಕ್ಕೆ ಒಂದೇ ಸುತ್ತು ದಾರ ಬಿಗಿದು, ಗಂಟನ್ನು ಹಿಂದಕ್ಕೆ ತಿರುಗಿಸಿ, ನನ್ನ ಅಚ್ಚುಕಟ್ಟುತನವನ್ನು ನಾನೇ ಮೆಚ್ಚಿಕೊಂಡು ಕೈಮುಗಿದೆ.

ಮಾರನೆಯ ಕೆಲಸದ ದಿನ ಮೆಷಿನ್ ಶುರು ಮಾಡಿದೆ. ಮೊದಲ ಪೀಸು ಇಳಿಯುತ್ತಿದ್ದ ಹಾಗೆ ಸುಜಾತ ವರ್ನಿಯರ್ ಒರೆಸಿಕೊಂಡು ನಿಂತಿದ್ದಳು.

"ಇದ್ನ ಮುಟ್ಬ್ಯಾಡ ಕಣವ್ವ. ಇದು ಅಮ್ಮಂದು."

"ಅಳೆದು ಕೊಡ್ತೀನಿ ಸ್ವಾಮಣ್ಣ, ಒಂದೇ ನಿಮಿಷ. ಮೆಷಿನ್ ನಿಂತು ಶುರುವಾಗಿದೆಯಲ್ಲ."

"ದೇವ್ರ ಪೀಸ್ನ ಅಳೀತಾರಾ ಯಾರಾದ್ರೂ? ಅಮ್ಮ ಏನು ರಿಜೆಕ್ಟ್ ಮಾಡ್ತಾಳಾ?"

"ಹಂಗಾದ್ರೆ ಎರಡನೇದು ಅಳೀತೀನಿ."

"ಎರಡನೇದ್ರಲ್ಲಿ ಏನ್ ಬಂತು? ಜಿಗ್ಗೂ ಅದೇ, ನಾನೂ ಅದೇ. ಹೋಗು, ಸಾಹೇಬ್ರು ಕರೀತಾವ್ರೆ."

ಸಾಹೇಬರು ನಿಜವಾಗಿಯೂ ಕರೆಯುತ್ತಿದ್ದರು, ಯಾವುದೋ ಕಾಗದ ಬರೆಯಲಿಕ್ಕೆ. ಅವಳು ವರ್ನಿಯರನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ವಾಪಸ್ ಬಂದವಳು ಎಂದಿನ ಹಾಗೆ ತೂತಿನ ಅಗಲ, ತೂತಿಂದ ತೂತಿಗೆ ದೂರ ಅಳೆದಳು. ಎರಡೂ ಸರಿ ಇದ್ದವು.

ಎಂಟುನೂರು ಪ್ಲೇಟು ಮೈಸೂರಿಗೆ ಹೋದವು. ಎಂಟುನೂರೂ ಅದೇ ಟೆಂಪೋದಲ್ಲಿ ವಾಪಸ್ ಬಂದವು. ಅಂಚಿನಿಂದ ತೂತಿಗೆ ಇರಬೇಕಾದ ದೂರದಲ್ಲಿ ಅರ್ಧ ಮಿಲ್ಲಿಮೀಟರಿಗಿಂತ ಒಂಚೂರು ಹೆಚ್ಚೇ ಕಮ್ಮಿ. ಅವರ ಮೆಷಿನ್ನಿನಲ್ಲಿ ಬೋಲ್ಟು ಒಳಗೆ ಹೋಗುತ್ತಿಲ್ಲ. ಯಾಕೆ ಹೀಗಾಯಿತೆಂದು ಬರೆದುಕೊಟ್ಟರೆ ಮುಂದಿನ ಆರ್ಡರು, ಇಲ್ಲದಿದ್ದರೆ ಇಲ್ಲ.

ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದರು: "ನೋಡಮ್ಮಾ, ಪುಸ್ತಕ ಬರೆಯೋಕೆ ಅಂತ ನಿನ್ನ ಇಟ್ಕೊಂಡಿದ್ದು. ಪುಸ್ತಕದಲ್ಲಿ ಎಲ್ಲಾ ಸರಿ ಅಂತಿದೆ, ಮಾಲು ವಾಪಸ್ ಬಂದಿದೆ. ಶನಿವಾರಕ್ಕೆ ನಿನ್ನ ಆರು ತಿಂಗಳು ಮುಗೀತದೆ. ಅಷ್ಟರಲ್ಲಿ ಕಾರಣ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ನಾನೇನು ಅಂತ ಹೇಳಿ ನಿನ್ನ ಖಾಯಂ ಮಾಡ್ಲಿ?"

ಅವತ್ತು ಮಂಗಳವಾರ. ನಾಲ್ಕು ದಿನ ಆ ಹುಡುಗಿ ಪಟ್ಟ ಪಾಡು ನಾನು ನೋಡಿದ್ದೇನೆ. ಪ್ಲೇಟು ಕತ್ತರಿಸಿ ಕೊಡುವವರ ಹತ್ತಿರ ಹೋಗಿ ಅವರ ಅಳತೆ ನೋಡಿದಳು. ಡ್ರಿಲ್ ಬಿಟ್ ಪರೀಕ್ಷಿಸಿದಳು. ಜಿಗ್ಗಿನ ಗೂಟವನ್ನೂ ಅಳೆದಳು. ವರ್ನಿಯರಿನ ಬಾಯಿ ಹೋಗುವಷ್ಟು ಮೇಲುಗಡೆ ಅಳೆದಳು, ಅಲ್ಲಿ ಸರಿಯಾಗಿಯೇ ಇತ್ತು. ಬುಧವಾರ ನನ್ನ ಹತ್ತಿರ ಬಂದು, "ಸ್ವಾಮಣ್ಣ, ಜಿಗ್ ಬಿಚ್ಚಿ ಒಂದ್ಸಲ ಸೀಮೆಎಣ್ಣೇಲಿ ತೊಳೆಯೋಣ್ವಾ?" ಅಂದಳು.

ಹದಿನಾಲ್ಕು ವರ್ಷ ನನ್ನ ಮಾತು ಕೇಳಿದ ಜಿಗ್ಗು. ಅದನ್ನು ಅನುಮಾನಿಸುವುದೂ ಒಂದೇ, ನನ್ನನ್ನು ಅನುಮಾನಿಸುವುದೂ ಒಂದೇ. "ಪೂಜೆ ಮಾಡಿ ಹದಿನೈದು ದಿನ ಆಗಿಲ್ಲ. ತೊಳೀಬಾರ್ದು," ಅಂದೆ.

ಗುರುವಾರ ಇನ್ನೊಂದು ಕೇಳಿದಳು. ಪಟದ ಕಡೆ ಕೈತೋರಿಸಿ, "ಆ ಪೀಸು ಅಳೀಬೇಕಿತ್ತು. ಪೂಜೆಗೆ ಮುಂಚೆ ಎಲ್ಲಾ ಸರಿ ಇತ್ತು, ಅದು ನನ್ನ ಪುಸ್ತಕದಲ್ಲಿದೆ. ಆ ಮೊದಲ್ನೇದೂ ಸರಿ ಇದ್ರೆ ತಪ್ಪು ಆಮೇಲೆ ಶುರುವಾಗಿದೆ. ಅದೇ ತಪ್ಪಿದ್ರೆ ಪೂಜೆ ದಿನಾನೇ ಏನೋ ಆಗಿದೆ. ಇಷ್ಟು ಗೊತ್ತಾದ್ರೆ ಸಾಕು ಸ್ವಾಮಣ್ಣ."

"ಪೂಜೆ ದಿನ ಏನಾಗ್ತದೆ? ಪೂಜೆ ಆಯ್ತದೆ!" ಎಂದು ಕಿರುಚಿದೆ. "ಏಳ್ನೇ ಕ್ಲಾಸಿಗೆ ಬಿಟ್ಟೋನು ಅಂತ ನನ್ ಮೇಲೆ ಹಾಕ್ತೀಯಾ? ಅಮ್ಮನ್ ಪೀಸು ಮುಟ್ಟಿದ್ರೆ ನಾನೀ ಶೆಡ್ಡಲ್ಲಿ ಇರಕಿಲ್ಲ."

ಅವಳು ಮುಖ ಕೆಳಗೆ ಮಾಡಿಕೊಂಡು ಹೋದಳು. ಸಾಹೇಬರ ಹತ್ತಿರ ಹೋಗಿ ದೂರಬಹುದಿತ್ತು, ದೂರಲಿಲ್ಲ. ಕೆಂಪರಾಜು ಲೇತು ನಿಲ್ಲಿಸಿ, "ಅದ್ಯಾಕ್ಲಾ ಅಂಗ್ ಹಾರಾಡ್ದೆ? ಮೊಗಾ ಅದು," ಅಂದ. "ನಿನ್ ಕೆಲ್ಸ ನೋಡ್ಲಾ," ಅಂದೆ.

ಶನಿವಾರ ಮಧ್ಯಾಹ್ನ ಸುಜಾತ ತನ್ನ ಫೈಲುಗಳನ್ನೆಲ್ಲ ಸಾಹೇಬರ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಹೇಳಿ ಹೊರಟಳು. ನನ್ನ ಹತ್ತಿರವೂ ಬಂದಳು. "ಬಿಟ್ ಸಾಣೆ ಹಿಡಿಯೋದು ಕಲಿಸಿದ್ರಿ ಸ್ವಾಮಣ್ಣ, ಮರೆಯಲ್ಲ," ಅಂದಳು. ಅಷ್ಟೇ. ನಾನು ತಲೆಯೆತ್ತದೆ ಮೆಷಿನ್ ಒರೆಸುತ್ತಿದ್ದೆ.

ಅವಳು ಗೇಟು ದಾಟಿದ ಮೇಲೆ ಶೆಡ್ಡು ಯಾಕೋ ದೊಡ್ಡದಾಗಿ ಕಂಡಿತು. ಅನ್ನುವವರು ಯಾರೂ ಇಲ್ಲದಾಗ ನನಗೆ ನಾನೇ ಅಂದುಕೊಂಡೆ: ಅಳೆದುಬಿಡೋಣ, ಸರಿ ಇದ್ದರೆ ನನ್ನ ಮನಸ್ಸಿಗಾದರೂ ಸಮಾಧಾನ. ಕೈಕಾಲು ತೊಳೆದುಕೊಂಡು ಬಂದು, ಅಮ್ಮನಿಗೆ ಕೈಮುಗಿದು, ಪೀಸು ಇಳಿಸಿದೆ. ಶೆಡ್ಡಿನ ಹಳೇ ವರ್ನಿಯರ್ ಒರೆಸಿ, ಸೊನ್ನೆ ನೋಡಿ, ಅಂಚಿನಿಂದ ತೂತಿಗೆ ಹಿಡಿದೆ. ಪಾಯಿಂಟ್ ಆರು ಕಮ್ಮಿ. ಮತ್ತೆ ಹಿಡಿದೆ. ಅಷ್ಟೇ ಕಮ್ಮಿ. ಅಮ್ಮನ ಪೀಸೇ ತಪ್ಪಿತ್ತು.

ಜಿಗ್ಗಿನ ಹತ್ತಿರ ಹೋಗಿ ಗೂಟದ ಬುಡಕ್ಕೆ ಉಗುರು ಎಳೆದೆ. ಎಳೆದ ಉಗುರು ಒಂದು ಕಡೆ ತಡೆಯಿತು. ಕಬ್ಬಿಣ ಹಾಗೆ ತಡೆಯುವುದಿಲ್ಲ. ಎಣ್ಣೆ ಕುಡಿದು, ಕಬ್ಬಿಣದ ಪುಡಿ ಮೆತ್ತಿಕೊಂಡು, ಗೂಟದ ಬಣ್ಣಕ್ಕೇ ತಿರುಗಿ ಕೂತಿತ್ತು ನನ್ನ ಅರಿಶಿನದ ದಾರ. ಕಟ್ಟಿದ್ದು ನನಗೆ ಮರೆತೇ ಹೋಗಿತ್ತು. ಒಂದು ಸುತ್ತು. ಪ್ಲೇಟು ಗೂಟಕ್ಕೆ ತಾಗುವ ಜಾಗದಲ್ಲೇ. ಎಂಟುನೂರು ಪ್ಲೇಟೂ ಗೂಟಕ್ಕೆ ತಾಗುವ ಬದಲು ನನ್ನ ಭಕ್ತಿಗೆ ತಾಗಿ ನಿಂತಿದ್ದವು.

ಬ್ಲೇಡಿನಿಂದ ಕತ್ತರಿಸಿ ಕೈಗೆ ತೆಗೆದುಕೊಂಡೆ. ಈಗ ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಅದನ್ನು ಜೇಬಿಗೆ ಹಾಕಿಕೊಂಡೆ. ಸುತ್ತ ನೋಡಿದೆ. ಕೆಂಪರಾಜು ಬೀಡಿ ಸೇದಲು ಆಚೆ ಹೋಗಿದ್ದ, ಸಾಹೇಬರು ಆಫೀಸಿನೊಳಗಿದ್ದರು. ಜಿಗ್ಗು ಸರಿಯಾಯಿತು, ಸೋಮವಾರದಿಂದ ಪ್ಲೇಟು ಸರಿ ಬರುತ್ತವೆ, ಯಾಕೆ ತಪ್ಪಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ, ಸ್ವಾಮಣ್ಣ ಸ್ವಾಮಣ್ಣನೇ ಆಗಿರುತ್ತಾನೆ. ಆ ಹುಡುಗಿ ಮಾತ್ರ ಸಾಲಿಗ್ರಾಮದಲ್ಲಿ ಕಾಜ ಹೊಲಿಯುತ್ತಾ ಕೂರುತ್ತಾಳೆ. ನಲ್ಲಿ ತನಕ ಹೋಗಿ ಕೈತೊಳೆದೆ. ತೊಳೆದರೂ ಕೈ ಅಂಟುತ್ತಿದೆ ಅನ್ನಿಸಿತು. ಇನ್ನೊಂದು ಸಲ ತೊಳೆದೆ. ಆಮೇಲೆ ಓಡಿದೆ.

ಬಿಳಿಕೆರೆಯ ಬಸ್‌ಸ್ಟಾಪಿಗೆ ಅರ್ಧ ಮೈಲಿಯಾದರೂ ಇತ್ತು. ನನ್ನ ವಯಸ್ಸಿಗೂ ಹೊಟ್ಟೆಗೂ ಓಟ ಒಗ್ಗುವುದಿಲ್ಲ. ಹೋಟೆಲಿನ ಮುಂದೆ ಟೀ ಕುಡಿಯುತ್ತಿದ್ದವರು, "ಯಾಕ್ ಸ್ವಾಮಣ್ಣೋ, ಯಾರಿಗೇನಾಯ್ತು?" ಎಂದು ಎದ್ದು ನಿಂತರು. ಬಸ್ಸು ಬಂದು ನಿಂತಿತ್ತು. ಕಂಡಕ್ಟರು "ಕೆ.ಆರ್. ನಗರ, ಸಾಲಿಗ್ರಾಮ!" ಎಂದು ಕೂಗುತ್ತಿದ್ದ. ಸುಜಾತ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು.

"ನಿಲ್ಲವ್ವಾ!"

ತಿರುಗಿದಳು. ನನಗೆ ಏದುಸಿರು. ಜೇಬಿನಿಂದ ದಾರ ತೆಗೆದು ಅಂಗೈಯಲ್ಲಿಟ್ಟು ಮುಂದೆ ಹಿಡಿದೆ.

"ಗೂಟದ ಬುಡದಾಗಿತ್ತು. ಪೂಜೆ ದಿನ ನಾನೇ ಕಟ್ಟಿದ್ದೆ. ಅಮ್ಮನ್ ಪೀಸೂ ಅಳ್ದೆ. ಅದೂ ತಪ್ಪಾಗೇ ಅದೆ."

ಬಯ್ಯುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಮೆಟ್ಟಿಲಿಂದ ಕಾಲು ಕೆಳಗಿಟ್ಟು, ಆ ಕಪ್ಪು ದಾರವನ್ನು ಬಗ್ಗಿ ನೋಡಿದಳು. ಅವಳ ಕಣ್ಣು ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಜಾತ್ರೆಯಲ್ಲಿ ಕಳೆದುಹೋದ ಓಲೆ ಸಿಕ್ಕವರ ಮುಖ ಹಾಗಿರುತ್ತದೆ.

"ಎಷ್ಟು ದಪ್ಪ ಇದೆ?" ಅಂದಳು.

"ಅದೇನ್ ಕೇಳ್ತೀಯವ್ವಾ ಈಗ..."

"ತಡೀರಿ ಸ್ವಾಮಣ್ಣ." ಅಲ್ಲೇ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಚೀಲ ಬಿಚ್ಚಿ ವರ್ನಿಯರ್ ತೆಗೆದಳು. ಒರೆಸಿದಳು. ಸೊನ್ನೆ ನೋಡಿದಳು.

"ಅಮ್ಮಾ, ಬಸ್ ಅತ್ತೀರೋ ಇಲ್ವೋ?" ಕಂಡಕ್ಟರು ಕೂಗಿದ.

"ಹೋಗಿ ಹೋಗಿ," ಎಂದು ತಲೆಯೆತ್ತದೆ ಕೈಬೀಸಿದಳು. ಬಸ್ಸು ಅವಳ ಮುಂದೆಯೇ ಹೊರಟುಹೋಯಿತು. "ಒತ್ತಿ ಹಿಡಿದ್ರೆ ಪಾಯಿಂಟ್ ಆರು. ಸರಿಯಾಗಿ ಪಾಯಿಂಟ್ ಆರು, ಸ್ವಾಮಣ್ಣ!" ಎಂದು ನಗಲು ಶುರುಮಾಡಿದಳು. ನನಗೂ ನಗು ಬಂತು. ಟೀ ಕುಡಿಯುತ್ತಿದ್ದವರು ನಮ್ಮಿಬ್ಬರನ್ನೂ ನೋಡಿ ಏನು ಅಂದುಕೊಂಡರೋ.

ವಾಪಸ್ ನಡೆಯುವಾಗ ಅರ್ಧ ದಾರಿ ಜಗಳ. ಸಾಹೇಬರಿಗೂ ಮೈಸೂರಿಗೂ ಕೊಡಬೇಕಾದ ವರದಿಗೆ ಒಂದು ಹಾಳೆಯಿದೆ. ಏನಾಯಿತು, ಯಾವಾಗ, ಯಾಕೆ, ಇನ್ನು ಮುಂದೆ ಏನು ಮಾಡುತ್ತೀರಿ, ಹೀಗೆ ನಾಲ್ಕು ಕಾಲಂ. 'ಯಾಕೆ' ಅನ್ನುವಲ್ಲಿ, ಗೂಟಕ್ಕೆ ದಾರ ಸುತ್ತಿತ್ತು, ಮೆಷಿನ್ ಮತ್ತೆ ಶುರುವಾದಾಗ ಇಂಜಿನಿಯರ್ ಮೊದಲ ಪೀಸು ಅಳೆಯಲಿಲ್ಲ ಎಂದು ಬರೆಯುತ್ತೇನೆ ಅಂದಳು.

"ಅಳೀಲಿಲ್ಲ ಅಂದ್ರೆ? ನಾನ್ ಬುಡ್ಲಿಲ್ಲ ಕಣವ್ವ! ಅದ್ನೂ ಬರಿ. ಕಟ್ಟಿದೋನು ಸ್ವಾಮಣ್ಣ ಅಂತ ಬರಿ."

"ನೀವು ಬೇಡ ಅಂದ್ರೂ ಅಳೆಯೋದು ನನ್ನ ಕೆಲಸ ಆಗಿತ್ತು. ಮತ್ತೆ, ಇಲ್ಲಿ ಹೆಸರಿನ ಕಾಲಂ ಇಲ್ಲ ಸ್ವಾಮಣ್ಣ. ಏನಾಯ್ತು ಅಂತ ಕೇಳುತ್ತೆ, ಯಾರು ಅಂತ ಕೇಳಲ್ಲ."

"ಕೇಳ್ದಿದ್ರೆ ನಾನೇ ಹೇಳ್ತೀನಿ. ಹದಿನಾಕ್ ವರ್ಷ ಒಳ್ಳೇ ತೂತೆಲ್ಲ ಹೊಡ್ದೋನು ನಾನು ಅಂತಿದ್ದೆ. ಇದ್ಕೂ ನಾನೇ ಅನ್ನಬ್ಯಾಡ್ವಾ?"

ಶೆಡ್ಡಿಗೆ ಬಂದು, ನಿಂತುಕೊಂಡೇ ಹಾಳೆ ತುಂಬಿಸಿದಳು. ಮುಂದೆ ಏನು ಮಾಡುತ್ತೀರಿ ಅನ್ನುವಲ್ಲಿ, ಮೈಸೂರಿನವರು ಒಪ್ಪಿದರೆ ಎಂಟುನೂರು ಪ್ಲೇಟಿನ ತೂತನ್ನೂ ಒಂದು ಸೈಜು ದೊಡ್ಡದು ಮಾಡಿ, ದಪ್ಪ ವಾಷರ್ ಹಾಕಿ ಬಳಸಬಹುದು ಎಂದು ಲೆಕ್ಕ ಸಮೇತ ಬರೆದಳು. ದಾರವನ್ನು ಹಾಳೆಯ ಮೂಲೆಗೆ ಪಿನ್ ಹೊಡೆದಳು. ಕೆಳಗೆ ಸಹಿ ಮಾಡಿದಳು. ಇಬ್ಬರೂ ಒಳಗೆ ಹೋದೆವು.

ಸಾಹೇಬರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಯಾರು ಕಟ್ಟಿದ್ದು?"

"ಸಾರ್, ಆ ಕಾಲಂ..." ಎಂದು ಅವಳು ಶುರುಮಾಡುವಷ್ಟರಲ್ಲಿ ನಾನು ಕೈಯೆತ್ತಿಬಿಟ್ಟಿದ್ದೆ.

"ನಾನು ಸಾರ್. ಅವ್ಳು ಜಿಗ್ ತೊಳೀತೀನಿ ಅಂದ್ಲು, ಬುಡ್ಲಿಲ್ಲ. ಅಮ್ಮನ್ ಪೀಸು ಅಳೀತೀನಿ ಅಂದ್ಲು, ಬುಡ್ಲಿಲ್ಲ."

"ಮತ್ತೆ ಈಗ ಅಮ್ಮನ ಪೀಸು ಇಳಿಸಿದ್ಯಾರು?"

"ನಾನೇ ಸಾರ್."

"ಏನಂದ್ಲು ಅಮ್ಮ?"

"ಪಾಯಿಂಟ್ ಆರು ಕಮ್ಮಿ ಅಂದ್ಲು ಸಾರ್."

ಸಾಹೇಬರು ಕನ್ನಡಕ ತೆಗೆದರು. ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡರು. ಹೆಗಲು ಕುಣಿಯುವುದು ನೋಡಿ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾವಿಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆವು. ಆಮೇಲೆ ಮುಖ ಒರೆಸಿಕೊಂಡು ಕೇಳಿದರು: "ಸೋಮವಾರ ಇದನ್ನ ಮೈಸೂರಿಗೆ ಯಾರು ತಗೊಂಡು ಹೋಗ್ತಾರೆ? ವಾಷರ್ ಗೀಷರ್ ಅಂತ ಅವರಿಗೆ ಯಾರು ಹೇಳ್ತಾರೆ? ಸ್ವಾಮೀನಾ?"

"ನನ್ನ ಟ್ರೈನಿಂಗ್ ಇವತ್ತಿಗೆ ಮುಗೀತು ಸಾರ್," ಅಂದಳು ಸುಜಾತ, ಮೆಲ್ಲಗೆ.

"ಅದನ್ನೇ ನಾನೂ ಹೇಳ್ತಾ ಇದೀನಿ." ಹಾಳೆಯನ್ನು ಅವಳ ಕಡೆ ತಿರುಗಿಸಿ, ಕೆಳಗೆ ಅವಳ ಸಹಿಯ ಪಕ್ಕ ಬೆರಳಿಟ್ಟರು. "ಇಲ್ಲಿ ಟ್ರೈನಿ ಇಂಜಿನಿಯರ್ ಅಂತ ಬರ್ದಿದ್ದೀಯ. ಟ್ರೈನಿ ಮಾತು ಅವ್ರು ಕೇಳಲ್ಲಮ್ಮ. ಮೊದಲ್ನೇ ಪದ ಹೊಡೆದುಹಾಕು."

ಅವಳು ಪೆನ್ಸಿಲ್ ಎತ್ತಿದಳು. ಸಾಹೇಬರು ತಲೆ ಅಲ್ಲಾಡಿಸಿ ತಮ್ಮ ಪೆನ್ನು ಕೊಟ್ಟರು. ಪೆನ್ನಿನ ಮೊನೆ ಹಾಳೆಯ ಮೇಲೆ ಒಂದು ಕೂದಲೆಳೆ ಎತ್ತರದಲ್ಲಿ ನಿಂತಿತು. ಸಾಹೇಬರನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದಳು.

"ಎಳಿಯವ್ವಾ," ಅಂದೆ. "ಗಟ್ಟಿಯಾಗಿ ಎಳಿ."